ಜಾಗ ಬಿಡು

ಆ ಭಾನುವಾರ ಬೆಳಗ್ಗೆಯಿಂದಲೂ ಅಕ್ಕ ಕೂತಲ್ಲಿ ಕೂರಲಿಲ್ಲ. ಬೂಟಿನ ಲೇಸು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ನಮಗಿರುವುದು ಒಂದೇ ಕೋಣೆ. ಅವಳು ಬಾಗಿಲಿಗೂ ಕಿಟಕಿಗೂ ನಡುವೆ ಸುತ್ತಿದಷ್ಟೂ ನಾನು ಕಾಲು ಮಡಚಿಕೊಂಡು ಗೋಡೆಗೆ ಒತ್ತಿ ಕೂತೆ. ಊರಿನ ಫುಟ್‌ಬಾಲ್ ತಂಡಕ್ಕೆ ಒಬ್ಬಳನ್ನು ಆರಿಸಲು ಮೇಡಂ ಒಬ್ಬರು ಮಧ್ಯಾಹ್ನದ ಪಂದ್ಯಕ್ಕೆ ಬರುವವರಿದ್ದರು. ಇಪ್ಪತ್ತೈದು ತುಂಬಿದವರನ್ನು ಅವರು ತೆಗೆದುಕೊಳ್ಳುವುದಿಲ್ಲ. ಅಕ್ಕನಿಗೆ ತುಂಬಲು ಇನ್ನು ಎರಡೇ ತಿಂಗಳು.

ನಾವಿಬ್ಬರೂ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತೇವೆ. ಅವಳು ಯಂತ್ರದ ಹತ್ತಿರ, ನಾನು ಬೆಡ್‌ಶೀಟ್ ಮಡಚುವ ಮೇಜಿನ ಹತ್ತಿರ. ವಿಭಾಗದ ತಂಡಕ್ಕೆ ಹನ್ನೊಂದು ಜನ ಆಗಲಿಲ್ಲವೆಂದು ನನ್ನನ್ನೂ ಸೇರಿಸಿಕೊಂಡಿದ್ದರು. ಮುಂದಿನ ಸಾಲಿನಲ್ಲಿ ಅಕ್ಕನ ಪಕ್ಕ ಆಡುತ್ತಿದ್ದೆ. ಆಡುತ್ತಿದ್ದೆ ಅನ್ನುವುದು ದೊಡ್ಡ ಮಾತು; ಅವಳ ಬಾಲ ಹಿಡಿದು ಓಡುತ್ತಿದ್ದೆ. ಎರಡು ವರ್ಷದಲ್ಲಿ ಒಮ್ಮೆಯೂ ಬಾಯಿ ಬಿಟ್ಟು ಚೆಂಡು ಕೇಳಿದವಳಲ್ಲ. ಕೇಳಿದರೆ ಕೊಟ್ಟುಬಿಡುತ್ತಾರಲ್ಲ, ಆಮೇಲೆ ಏನು ಮಾಡುವುದು?

ಪಂದ್ಯ ಇದ್ದದ್ದು ಬ್ರೆಡ್ ಕಾರ್ಖಾನೆಯ ಹೆಂಗಸರ ಮೇಲೆ. ನಮ್ಮಲ್ಲಿ ಒಬ್ಬೊಬ್ಬರಿಗೆ ಅವರ ಒಬ್ಬೊಬ್ಬರು ಅಂಟಿಕೊಂಡಿದ್ದರು. ನನ್ನ ಪಾಲಿಗೆ ಬಂದವಳಿಗೆ ನಾವು ಇಟ್ಟ ಹೆಸರು ಬೀರು. ಅಷ್ಟು ಎತ್ತರ, ಅಷ್ಟೇ ಅಗಲ, ಜರುಗಿಸುವುದೂ ಅಷ್ಟೇ ಕಷ್ಟ. ನಾನು ಅಕ್ಕನ ಪಕ್ಕ ಬಿಡುತ್ತಿರಲಿಲ್ಲ, ಬೀರು ನನ್ನ ಪಕ್ಕ ಬಿಡುತ್ತಿರಲಿಲ್ಲ. ಹಾಗಾಗಿ ಅಕ್ಕ ಚೆಂಡಿನೊಂದಿಗೆ ತಿರುಗಿದಾಗೆಲ್ಲ ಎದುರಿಗೆ ತನ್ನನ್ನು ಕಾಯುವವಳ ಜೊತೆಗೆ ಬೀರು, ಬೀರುವಿನ ಮುಂದೆ ನಾನು. ಓಡಲು ಒಂದು ಗೇಣು ದಾರಿಯಿಲ್ಲ. ಮೂರು ಸಲ ಚೆಂಡು ಕಳೆದುಕೊಂಡಳು. ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಮೇಡಂ ಕೈಗಡಿಯಾರ ನೋಡಿಕೊಂಡರು. ಅದು ಅಕ್ಕನ ಕಣ್ಣಿಗೂ ಬಿತ್ತು.

ಆಗ ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುವ, ನಮಗೆ ಆಟ ಹೇಳಿಕೊಡುವ ಬಾಯ್ಲರ್ ಮಾಮ ನನ್ನನ್ನು ನೋಡಿ ಕೂಗಿದರು.

"ಏ ಚಿಕ್ಕವಳೇ, ಜಾಗ ಬಿಡು."

ನಮ್ಮ ವಿಭಾಗದಲ್ಲಿ ಆ ಮಾತಿಗೆ ಒಂದೇ ಅರ್ಥ. ಮಡಿಕೆ ಸೊಟ್ಟಗಾದರೆ ಮೇಲ್ವಿಚಾರಕಿ ಬಂದು "ಜಾಗ ಬಿಡು" ಅನ್ನುತ್ತಾರೆ. ನಾವು ಮೇಜು ಬಿಟ್ಟು ಪಕ್ಕಕ್ಕೆ ಹೋಗಬೇಕು, ಬೇರೆಯವಳು ಬಂದು ನಿಲ್ಲುತ್ತಾಳೆ. ನನ್ನ ಆಟ ಮುಗಿಯಿತು ಅಂದುಕೊಂಡೆ. ಕಿವಿ ಬಿಸಿಯಾಯಿತು. ನೆಲ ನೋಡಿಕೊಂಡು ಸೀದಾ ಗೆರೆಯ ಕಡೆ ನಡೆದೆ. ಬೀರುವೂ ಜೊತೆಗೆ ಬಂದಳು. ಎಲ್ಲಿಗೆ ಹೊರಟೆ ಅಂತ ಕೇಳಿದಳು. ಕಳಿಸಿಬಿಟ್ಟರು ಅಂದೆ. ಅವಳು ಪಾಪ ಅಂದಳು.

ಅಷ್ಟರಲ್ಲಿ ಹಿಂದಿನಿಂದ ಠಣ್ ಎಂದು ಸದ್ದಾಯಿತು. ನಾವು ಬಿಟ್ಟು ಬಂದ ಜಾಗದಲ್ಲೇ ಅಕ್ಕ ಚೆಂಡು ಹಿಡಿದು ನುಗ್ಗಿ ಹೊಡೆದಿದ್ದಳು. ಕಂಬಕ್ಕೆ ಬಡಿದು ವಾಪಸ್ ಬಂದಿತ್ತು.

ವಿರಾಮದಲ್ಲಿ ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಹೊರಗೆ ಹೋಗು ಅನ್ಲಿಲ್ಲ ಮಗಳೇ. ನಿಮ್ಮಕ್ಕಂಗೆ ಜಾಗ ಬಿಡು ಅಂದೆ. ಆ ಮೂಲೆಗೆ ಓಡು. ಓಡ್ತಾ ಚೆಂಡು ನಂಗೆ ಅಂತ ಕೂಗು. ಕೂಗದಿದ್ರೆ ಬೀರು ಇನ್ನು ನಂಬಲ್ಲ, ನಿನ್ನ ಹಿಂದೆ ಬಂದಿದ್ದಕ್ಕೆ ಅವರ ಕಡೆಯವರು ಆಗ್ಲೇ ಬೈದಿದಾರೆ ಅವಳಿಗೆ."

ಅಕ್ಕ ಇದನ್ನು ಕೇಳಲಿಲ್ಲ. ಅವಳು ನಲ್ಲಿಯ ಕೆಳಗೆ ತಲೆಯೊಡ್ಡಿ ಕೂತಿದ್ದಳು.

ಆಟ ಮತ್ತೆ ಶುರುವಾಯಿತು. ಓಡುವುದೇನೋ ಓಡಿದೆ, ಎರಡು ಸಲ. ಕೂಗಲು ಮಾತ್ರ ಆಗಲಿಲ್ಲ. ಬೀರು ಅಲುಗಲಿಲ್ಲ. ಮೇಡಂ ಹೆಸರು ಬರೆಯುವ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕುವುದು ಕಂಡಿತು. ಅದೇ ಹೊತ್ತಿಗೆ ಅಕ್ಕನ ಕಾಲಿಗೆ ಚೆಂಡು ಬಂತು. ನಾನು ಮೂಲೆಯ ಕಡೆ ಕಿತ್ತುಕೊಂಡು ಓಡಿದೆ.

"ಅಕ್ಕಾ, ನಂಗೆ!"

ಅದು ನನ್ನ ದನಿಯೇ ಅಂತ ನನಗೇ ಗೊತ್ತಾಗಲಿಲ್ಲ. ಬೀರು ದಡದಡ ಓಡಿ ಬಂದಳು. ನಡುವೆ ಮೈದಾನ ಬಟಾಬಯಲಾಯಿತು. ಅಕ್ಕ ಆ ಕಡೆ ಹೋಗಲೇ ಇಲ್ಲ. ನನ್ನನ್ನು ನೋಡಿದಳು, ಚೆಂಡನ್ನು ನನಗೇ ಕೊಟ್ಟುಬಿಟ್ಟಳು.

ಮೊದಲ ಸಲ ಚೆಂಡು ನೇರ ನನ್ನ ಕಾಲಿಗೆ ಬಂದಿತ್ತು. ಒಮ್ಮೆ ಮುಟ್ಟಿದೆ, ಬೀರುವಿನ ಕಾಲುಗಳ ನಡುವೆ ಅದು ಹೇಗೋ ದಾಟಿತು. ಇನ್ನೊಮ್ಮೆ ಮುಟ್ಟಿದೆ, ಗೆರೆಯಾಚೆ ಹೋಯಿತು. ಮಾಮ ತಲೆ ಚಚ್ಚಿಕೊಂಡರು. ಗೆರೆಯ ಹತ್ತಿರ ಓಡಿ ಬಂದು ಅಕ್ಕನಿಗೆ ಹೇಳಿದರು, ಅವಳು ಕೂಗಿದರೆ ಕೊಡಬೇಡ, ನೀನೇ ತಗೊಂಡು ನುಗ್ಗು ಅಂತ. ಅಕ್ಕ ನನ್ನ ಮುಖ ನೋಡಿದಳು.

ಐದು ನಿಮಿಷವೂ ಉಳಿದಿರಲಿಲ್ಲ. ಚೆಂಡು ಮತ್ತೆ ಅವಳಿಗೆ ಸಿಕ್ಕಿತು. ನಾನು ಓಡಿದೆ, ಕೂಗಿದೆ, ಕೈ ಕೂಡ ಎತ್ತಿದೆ. ಒಮ್ಮೆ ಕಾಲ ಸಂದಿಯಲ್ಲಿ ಚೆಂಡು ಬಿಟ್ಟ ಬೀರು ಈ ಸಲ ಯಾರ ಮಾತೂ ಕೇಳದೆ ನನ್ನ ಮೇಲೇ ಬಂದಳು. ಅಕ್ಕ ತನ್ನನ್ನು ಕಾಯುತ್ತಿದ್ದ ಒಬ್ಬಳನ್ನು ದಾಟಿ ಬಯಲಿಗೆ ಬಿದ್ದಳು. ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಚೆಂಡು ಬಲೆಗೆ ಬಿದ್ದದ್ದನ್ನು ನಾನು ಬೀರುವಿನ ತೋಳಿನ ಕೆಳಗಿನಿಂದ ನೋಡಿದೆ.

ಮೇಡಂ ಚೀಲದಿಂದ ಪುಸ್ತಕ ಮತ್ತೆ ತೆಗೆದರು. ಅಕ್ಕನ ವಯಸ್ಸು ಕೇಳಿದರು, ಹೆಸರು ಬರೆದುಕೊಂಡು ಬುಧವಾರ ಬರಲು ಹೇಳಿದರು.

ಮನೆಯ ದಾರಿಯಲ್ಲಿ ಅಕ್ಕ ದಾಪುಗಾಲು ಹಾಕುತ್ತಿದ್ದಳು. ಅರ್ಧ ದಾರಿಯಲ್ಲಿ ತಟ್ಟನೆ ನಿಂತಳು.

"ಮೊದಲನೇ ಸಲ ನೀನು ಕೂಗಿದಾಗ ದಾರಿ ಕಂಡಿತ್ತು ಕಣೇ. ಆದ್ರೂ ಕೊಟ್ಟೆ. ಎರಡು ವರ್ಷಕ್ಕೆ ಇವತ್ತು ಬಾಯಿ ಬಂತಲ್ಲ ಇವಳಿಗೆ, ಇಲ್ಲ ಅನ್ನೋದು ಹೇಗೆ ಅನ್ನಿಸ್ತು. ಅದು ನಾಟಕ ಅಂತ ಗೊತ್ತಿರ್ಲಿಲ್ಲ."

ನಾನು ಬೂಟಿನ ಮಣ್ಣನ್ನು ಕಲ್ಲಿಗೆ ಉಜ್ಜಿದೆ.

"ಎರಡನೇದೂ ನಾಟಕಾನೇ ತಾನೇ?"

"ಹೂಂ," ಅಂದೆ.

ಅವಳು ನಕ್ಕು ಮುಂದೆ ನಡೆದಳು. ಎರಡನೇ ಸಲ ನಾನು ನಿಜವಾಗಿಯೂ ಕೇಳಿದ್ದೆ. ಅದನ್ನು ಬುಧವಾರ ಕಳೆದ ಮೇಲೆ ಹೇಳಿದರಾಯಿತು ಅಂದುಕೊಂಡು ಅವಳ ಹಿಂದೆ ಓಡಿದೆ.