ಕಾಮಾದಿಂದ ಕಾಮಾಕ್ಕೆ

ಎಂಟುನೂರ ಹನ್ನೆರಡು ಪುಟಗಳ ಕಾನೂನು ಗ್ರಂಥವೊಂದನ್ನು ಹದಿನೇಳು ದಿನಗಳಲ್ಲಿ ನಾನು ಗಟ್ಟಿಯಾಗಿ ಓದಿ ಮುಗಿಸಿದ್ದೆ. ಆಗ ನನಗೆ ಇಪ್ಪತ್ತೆರಡು. ಮಾತು ಕಲಿತಂದಿನಿಂದ ಉಗ್ಗು. ಮುದ್ರಣಾಲಯದಲ್ಲಿ ಹಸ್ತಪ್ರತಿಯನ್ನು ಓದಿ ಹೇಳುವುದು ನನ್ನ ಕೆಲಸ. ಎದುರು ಕುಳಿತು ಕರಡು ತಿದ್ದುವ ಹಿರಿಯರು ಅಚ್ಚಿನೊಡನೆ ತಾಳೆ ನೋಡುವರು. ಮೊದಲ ಸಾಲೇ ಗಂಟಲಲ್ಲಿ ಸಿಕ್ಕಿಕೊಂಡಿತು. ಅವರು ತಲೆಯೆತ್ತದೆ, "ಚಿಹ್ನೆಗಳನ್ನೂ ಓದ್ಬೇಕಪ್ಪ. ಕಾಮಾ ಬಂದ್ರೆ ಕಾಮಾ ಅನ್ನು, ಉಸಿರು ತಗೋ, ಮುಂದೆ ಹೋಗು. ಪುಸ್ತಕ ಎಲ್ಲೂ ಓಡಿಹೋಗಲ್ಲ" ಎಂದರು. ಕಾಮಾದಿಂದ ಕಾಮಾಕ್ಕೆ ಕಾಲಿಡುತ್ತ ದಾಟಿದೆ.

ಈಗ ಎಪ್ಪತ್ತಾರು. ಮೂರು ತಿಂಗಳ ಹಿಂದೆ ಬಡಿದ ಲಕ್ವ ಕೈಕಾಲನ್ನು ಬಿಟ್ಟು ನಾಲಿಗೆಯನ್ನು ಹಿಡಿದುಕೊಂಡಿತು. ಮನಸ್ಸಿನಲ್ಲಿ ಮಾತು ನಿಚ್ಚಳ. ಬಾಯಿಂದ ಬೀಳುವುದು ಬರೀ ಮುದ್ದೆ. ನಾನು 'ಕ್' ಎನ್ನುವಷ್ಟರಲ್ಲಿ ಮಗಳು ಕನ್ನಡಕ, ಕುರ್ಚಿ, ಕರವಸ್ತ್ರ ಮೂರನ್ನೂ ತಂದಿಡುತ್ತಾಳೆ. ನನಗೆ ಬೇಕಿದ್ದುದು ಕಿಟಕಿ ತೆಗೆಯುವುದು.

ಈ ಬೆಳಿಗ್ಗೆ ವಾಕ್‌ಚಿಕಿತ್ಸಕಿಯ ಎದುರು ಒಂದು ನಿಮಿಷ ಅರ್ಥವಾಗುವಂತೆ ಮಾತಾಡಬೇಕಿತ್ತು. ಆಗದಿದ್ದರೆ ಬೆರಳಿಟ್ಟು ತೋರಿಸಲು ಅಕ್ಷರದ ಹಲಗೆ. ಹೊರಗಿನ ಮೊಗಸಾಲೆಯಲ್ಲಿ ಎಷ್ಟು ಸಲ ಅಡ್ಡಾಡಿದೆನೋ.

"ಕೂತ್ಕೊಳ್ಳಿ ಅಪ್ಪ, ನೆಲ ಸವೆದುಹೋಗತ್ತೆ" ಎಂದಳು ಮಗಳು.

ಒಳಗೆ ಚಿಕಿತ್ಸಕಿ, "ಹಳೇದೇನಾದ್ರೂ ಹೇಳಿ ಸರ್" ಎಂದು ಗಡಿಯಾರದ ಗುಂಡಿ ಒತ್ತಿದಳು.

ಅವಸರವಾಗಿ ಹೊರಟ ಪದಗಳು ಒಂದರ ಮೇಲೊಂದು ಬಿದ್ದವು. ಹಲಗೆ ಮೇಜಿನ ಮೇಲೇ ಇತ್ತು. "ಅವರು ಹೇಳೋದೇನಂದ್ರೆ" ಎಂದು ಮಗಳು ಶುರುಮಾಡಿದಳು.

"ಅಮ್ಮ, ನಿನಗಲ್ಲ ಪರೀಕ್ಷೆ" ಎಂದಳು ಜೊತೆಗೆ ಬಂದಿದ್ದ ಹತ್ತು ವರ್ಷದ ಮೊಮ್ಮಗಳು.

ಕಣ್ಣಮುಂದೆ ಆ ಹಿರಿಯರ ಬಗ್ಗಿದ ತಲೆ ಸುಳಿಯಿತು. "ನಂಗೆ ಇಪ್ಪತ್ತೆರಡು," ಎಂದೆ. "ಕಾಮಾ." ಉಸಿರು ತೆಗೆದುಕೊಂಡೆ. "ದೊಡ್ಡ ಪುಸ್ತಕ, ಕಾಮಾ. ಓದಕ್ಕೆ ಕೊಟ್ರು, ಪೂರ್ಣವಿರಾಮ."

ನಾಲಿಗೆ ಭಾರವಾಗಿಯೇ ಇತ್ತು. ಆದರೆ ಒಂದೊಂದು ಪದವೂ ತನ್ನ ಸರದಿಗೆ ಕಾಯಿತು. ನಿಮಿಷ ಮುಗಿದರೂ ನಾನು ನಿಲ್ಲಿಸಲಿಲ್ಲ. ಹಿರಿಯರ ಮಾತು ಬಂದಾಗ ಚಿಕಿತ್ಸಕಿ ಮೆಲ್ಲನೆ ಹಲಗೆಯನ್ನು ಡ್ರಾಯರಿನೊಳಕ್ಕೆ ಸರಿಸಿದಳು. ಮಗಳು ಬಾಯಿ ತೆರೆದು, ಮತ್ತೆ ಮುಚ್ಚಿದಳು.

ಹೊರಗೆ ಬಂದರೂ ನನ್ನ ಕಾಲು ಒಂದೆಡೆ ನಿಲ್ಲಲಿಲ್ಲ. ಮೊಮ್ಮಗಳು ನನ್ನ ತೋಳು ಹಿಡಿದು ನಿಲ್ಲಿಸಿದಳು.

"ತಾತ, ಆ ಪುಸ್ತಕದ್ದು ಇನ್ನೊಂದ್ಸಲ ಹೇಳು. ಮೊದಲಿಂದ. ಒಂದು ಕಾಮಾನೂ ಬಿಡಬೇಡ."