ಏಕಾದಶಿಯ ರಕ್ತ

೨೦೧೧ರ ಜುಲೈ ೧೧, ಸೋಮವಾರ, ಬೆಳಗಿನ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಡಾ. ಮಿಲಿಂದ ಹುದಲೀಕರ ಗೋವೆಯ ಬಂದರಿನ ಮೇಲಿರುವ ಸಡಾ ಗುಡ್ಡದ ಸಮಾಜ ಮಂದಿರದಲ್ಲಿ ಅಂಗಿಯ ತೋಳು ಮಡಚಿ ತನ್ನ ರಕ್ತವನ್ನು ವಿಜ್ಞಾನಕ್ಕೆ ಅರ್ಪಿಸಿದ. ಅರ್ಪಿಸಿದ ಎಂಬುದು ಅವನದೇ ಮಾತು. ಸೂಜಿ ಚುಚ್ಚಿದ ಸಹಾಯಕಿ ಮೃದುಲಾ ಕೊಳವೆಗೆ ‘ಆರೋಗ್ಯವಂತ, ೪೭ ವರ್ಷ’ ಎಂಬ ಚೀಟಿ ಅಂಟಿಸಿದಳು. ಹಾಗೆ ಬರೆಯಲು ಹೇಳಿದವನೂ ಅವನೇ.

ಅವನು ರೋಗಿಗಳನ್ನು ನೋಡುವ ಡಾಕ್ಟರನಲ್ಲ, ಜೀವಕೋಶಗಳ ಡಾಕ್ಟರ. ಬೆಳಗಾವಿಯಿಂದ ಬಂದು ಗೋವೆಯ ಸಂಶೋಧನಾ ಕೇಂದ್ರವೊಂದರಲ್ಲಿ ಹದಿನೆಂಟು ವರ್ಷದಿಂದ ಒಂದೇ ವಿಷಯ ಹಿಡಿದು ಕೂತಿದ್ದ: ರಕ್ತದಲ್ಲಿ ಕಾವಲು ತಿರುಗುವ ಬಿಳಿ ಕೋಶಗಳು ಏನನ್ನು ಉರಿಸಿ ಬದುಕುತ್ತವೆ? ರಕ್ತನಾಳದ ಗೋಡೆಯಲ್ಲಿ ಸೇರಿಕೊಂಡ ಕೊಬ್ಬನ್ನು ಗುಡಿಸಲೆಂದು ಇವು ಒಳಗೆ ಹೋಗುತ್ತವೆ. ಸಿಕ್ಕಿದ್ದನ್ನೆಲ್ಲ ನುಂಗಿ ನೊರೆ ತುಂಬಿದ ಹಾಗೆ ಉಬ್ಬುತ್ತವೆ. ಆಮೇಲೆ ನಿಧಾನದ ಉರಿ ಬಿಟ್ಟು, ಸಕ್ಕರೆಯನ್ನು ಗಬಗಬ ಸುಡುತ್ತ, ಸಿಟ್ಟಿಗೆದ್ದು, ಹೊರಬರಲೂ ಆಗದೆ ಅಲ್ಲೇ ಬೀಡುಬಿಟ್ಟು ನಾಳವನ್ನೇ ಕೆಡಿಸುತ್ತವೆ. ಈ ಕಥೆಯನ್ನು ಅವನು ಮದುವೆಯ ಪಂಕ್ತಿಯಲ್ಲೂ ಹೇಳುತ್ತಿದ್ದ, ಎರಡನೆಯ ಸಲ ಬಡಿಸಿದ ಶ್ರೀಖಂಡ ನೆಕ್ಕುತ್ತ. ಇವತ್ತು ಸಡಾದವರಿಗೂ ಹೇಳಿ ಮುಗಿಸಿದ್ದ.

ಅವನ ಅಣ್ಣನಿಗೆ ನಲವತ್ತಾರಕ್ಕೇ ಬೈಪಾಸ್ ಆಗಿತ್ತು. ಅಂದಿನಿಂದ ಹೆಂಡತಿ ಸುಹಾಸಿನಿ ರಕ್ತ ತಪಾಸಣೆಗೆ ಬೆನ್ನು ಹತ್ತಿದ್ದಳು. ಮೆಟ್ಟಿಲು ಹತ್ತುವಾಗ ಅವನು ನಡುವೆ ನಿಂತು ಮೊಬೈಲ್ ನೋಡುವ ನೆಪ ಮಾಡುವುದು ಅವಳ ಕಣ್ಣಿಗೆ ಬಿದ್ದಿತ್ತು.

“ರಕ್ತನಾಳದಾಗ ಏನ್ ನಡದದ ಅಂತ ನೀ ನನಗ ಹೇಳ್ತಿ?” ಎನ್ನುತ್ತಿದ್ದ ಅವನು.

“ಇಲಿಗೋಳದು ನಿಮಗ ಗೊತ್ತದ. ನಿಮ್ಮದು ಗೊತ್ತಿಲ್ಲ.”

ಹಾಗಾಗಿ ತಾನೇ ಆರೋಗ್ಯವಂತ ನಮೂನೆಯಾಗಿ ಕೂತ. ಉಳಿದವರ ರಕ್ತಕ್ಕೆ ತನ್ನದೇ ಅಳತೆಗೋಲಾಗುತ್ತದೆ, ಹೆಂಡತಿಯ ಬಾಯಿಯೂ ಮುಚ್ಚುತ್ತದೆ.

ಹೊಟ್ಟೆಗೆ ಏನಾದರೂ ಬಿದ್ದರೆ ಈ ಕೋಶಗಳ ಉರಿಯೇ ಬದಲಾಗುತ್ತದೆ. ಆದ್ದರಿಂದ ಹನ್ನೆರಡು ತಾಸು ಏನೂ ತಿನ್ನದವರ ರಕ್ತ ಬೇಕಿತ್ತು. ಮಳೆಗಾಲದಲ್ಲಿ ಬಂದರಿನ ಅದಿರು ಕೆಲಸ ನಿಂತು, ಸಡಾದಲ್ಲಿ ನೆಲೆಸಿದ ಬಿಜಾಪುರ ಕಡೆಯ ಗಂಡಸರು ಮನೆಯಲ್ಲೇ ಇರುತ್ತಾರೆ; ಆಷಾಢ ಏಕಾದಶಿಯಂದು ಹೇಗೂ ಎಲ್ಲರದೂ ಉಪವಾಸ. “ಪರದೇಶದವರಿಗೆ ಇದು ಹೊಳಿಯೂದಿಲ್ಲ. ನಮ್ಮ ಜನಾ ಗೊತ್ತಿರಬೇಕು” ಎಂದಿದ್ದ ಮಿಲಿಂದ. ಕಾರವಾರದ ಮೃದುಲಾ, “ಅವರು ನಿಜವಾಗಿ ಏನೂ ತಿನ್ನುವುದಿಲ್ಲವಾ ಅಂತ ಒಮ್ಮೆ ಕೇಳೋಣವಾ ಸರ್?” ಎಂದದ್ದಕ್ಕೆ, “ಏಕಾದಶಿ ದಿನಾ ಯಾರರೆ ಊಟಾ ಮಾಡ್ತಾರೇನು?” ಎಂದು ಮಾತು ಮುಗಿಸಿದ್ದ.

ರಕ್ತವನ್ನು ಗರಗರ ತಿರುಗಿಸಿ ಕೆಂಪನ್ನು ತಳಕ್ಕಿಳಿಸುವ ಯಂತ್ರ ನಿಂತಿತು. ಮೃದುಲಾ ಮುಚ್ಚಳ ತೆಗೆದಳು. ಕೊಳವೆಗಳ ಮೇಲ್ಭಾಗದಲ್ಲಿ ಕುಸುಬಿ ಎಣ್ಣೆಯಂಥ ತಿಳಿ ಹಳದಿ ದ್ರವ ಇರಬೇಕಿತ್ತು. ಸಡಾದವರ ಹತ್ತೂ ಕೊಳವೆಗಳಲ್ಲಿ ಅಕ್ಕಿ ತೊಳೆದ ನೀರು. ಹನ್ನೊಂದನೆಯದರಲ್ಲಿ, ಮಿಲಿಂದನದರಲ್ಲಿ, ಮಜ್ಜಿಗೆ.

“ಯಂತ್ರ ಕೆಟ್ಟದ” ಎಂದ ಮಿಲಿಂದ.

“ಯಂತ್ರ ಮಜ್ಜಿಗೆ ಕಡೆಯುವುದಿಲ್ಲ ಸರ್. ಇದು ಊಟದ ಕೊಬ್ಬು.”

ಮೊಣಕೈಗೆ ಹತ್ತಿ ಒತ್ತಿಕೊಂಡು ಕೂತಿದ್ದ ಬಂದರಿನ ಕೂಲಿ ಲಕ್ಷ್ಮಪ್ಪನ ಕಡೆ ಮಿಲಿಂದ ತಿರುಗಿದ. “ಮುಂಜಾನೆ ಏನರೆ ತಿಂದೀರೇನು?”

“ಛೇ, ಏಕಾದಶಿ ಐತ್ರಿ ಸಾಹೇಬ್ರ. ಏನೂ ತಿಂದಿಲ್ಲ.”

“ಖರೇ, ಏನೂ ಇಲ್ಲ?”

“ಸಾಬೂದಾಣಿ ಖಿಚಡಿ ಅಷ್ಟರಿ. ಎರಡು ಬಾಳೆಹಣ್ಣು. ಶೇಂಗಾ ಉಂಡಿ.”

ಬಾಗಿಲಲ್ಲಿ ಕೂತಿದ್ದ ಅವನ ಹೆಂಡತಿ ಚಂದವ್ವ ನಡುವೆ ಬಾಯಿ ಹಾಕಿದಳು. “ರಕ್ತಾ ಕೊಡಾಕ ಹೊಂಟಾರ, ಬರೇ ಹೊಟ್ಟೀಲೆ ಹೆಂಗ ಕಳಸೂದ್ರಿ? ಅದಕ್ಕ ತುಪ್ಪಾ ಒಂದೀಟು ಜಾಸ್ತಿನ ಹಾಕೇನಿ. ಎಲ್ಲಾರ ಮನ್ಯಾಗೂ ಹಂಗ ಮಾಡೇವಿ.”

“ನಿಮ್ಮಂಥಾವರಿಂದನ ಈ ದೇಶದಾಗ ಸಂಶೋಧನಾ—” ಎಂದು ಮಿಲಿಂದ ಶುರು ಮಾಡಿದ.

“ಸರ್,” ಮೃದುಲಾ ಕೊಳವೆಯಿಂದ ಕಣ್ಣೆತ್ತದೆ ಕೇಳಿದಳು, “ನೀವು?”

“ನಾ ಏನೂ—”

ಬೆಳಗಿನ ತಟ್ಟೆ ಕಣ್ಣ ಮುಂದೆ ಬಂತು: ಸಾಬೂದಾಣಿ ವಡೆ, ಗಟ್ಟಿ ಮೊಸರು, ಮೊಸರು ಉಳಿಯಿತೆಂದು ಇನ್ನೆರಡು ವಡೆ. ಏಕಾದಶಿಯಂದು ಅದನ್ನು ತಿಂದದ್ದೆಂದು ಅವನ ಮನೆತನದಲ್ಲಿ ಯಾರೂ ಎಣಿಸಿರಲಿಲ್ಲ. ಇಂಗ್ಲಿಷಿನಲ್ಲಿ ಲೇಖನ ಬರೆಯುವ ತಲೆ ಚಪ್ಪಲಿಯ ಜೊತೆ ಅಡುಗೆಮನೆಯ ಹೊರಗೇ ಉಳಿದಿತ್ತು.

“ನಿಮ್ಮ ಮನ್ಯಾಗ ತುಪ್ಪಾ ನಮ್ಮದಕ್ಕಿಂತ ಚಲೋ ಇರಬೇಕ್ರಿ” ಎಂದ ಲಕ್ಷ್ಮಪ್ಪ. ಹತ್ತಿ ಒತ್ತಿಕೊಂಡೇ ಎಲ್ಲರೂ ನಕ್ಕರು.

“ಅದು ವಡೀ ಕೊಬ್ಬು, ನಂದಲ್ಲ” ಎಂದು ಮಿಲಿಂದ ಆ ರಾತ್ರಿ ಮನೆಯಲ್ಲಿ ವಾದಿಸಿದ.

“ಹಂಗಾರ ಮತ್ತೊಮ್ಮೆ ಕೊಡ್ರಿ” ಎಂದಳು ಸುಹಾಸಿನಿ.

ಮುಂದಿನ ಭಾನುವಾರಕ್ಕೆ ಶಿಬಿರ ಮತ್ತೆ ಗೊತ್ತಾಯಿತು. ಈ ಸಲ ಮೃದುಲಾ ಶನಿವಾರ ಸಂಜೆ ಮನೆಮನೆಗೆ ಹೋಗಿ, ಖಿಚಡಿಯ ಹೆಸರು ಹಿಡಿದು, ಉಂಡಿಯ ಹೆಸರು ಹಿಡಿದು, ನೀರೊಂದನ್ನು ಬಿಟ್ಟು ಏನೂ ಬೇಡವೆಂದು ಹೇಳಿ ಬಂದಳು. ಸುಹಾಸಿನಿ ಅಡುಗೆಮನೆಗೆ ಬೀಗ ಜಡಿದಳು. ಬೆಳಿಗ್ಗೆ ಗಂಡನ ಜೊತೆ ತಾನೂ ಬಂದಳು. ಗುಡ್ಡದ ಮೆಟ್ಟಿಲ ನಡುವೆ ಅವನು ನಿಂತು ಮೊಬೈಲ್ ತೆಗೆದಾಗ, ಒಂದು ಮೆಟ್ಟಿಲು ಕೆಳಗೆ ಸುಮ್ಮನೆ ಕಾದಳು. ಮೊಬೈಲಿನಲ್ಲಿ ಯಾವ ಸಂದೇಶವೂ ಇರಲಿಲ್ಲ.

ಯಂತ್ರ ತಿರುಗಿ ನಿಂತಿತು. ಹತ್ತು ಕೊಳವೆಗಳಲ್ಲೂ ಕುಸುಬಿ ಎಣ್ಣೆ. ಹನ್ನೊಂದನೆಯದನ್ನು ಮೃದುಲಾ ಹೊರಗಿನಿಂದ ಬಟ್ಟೆಯಲ್ಲಿ ಒರೆಸಿ ಮತ್ತೆ ಬೆಳಕಿಗೆ ಹಿಡಿದಳು. ಮಬ್ಬು ಒಳಗೇ ಇತ್ತು.

“ಚೀಟಿ ಬದಲಿಸಲಾ ಸರ್?”

ಲಕ್ಷ್ಮಪ್ಪ ಇಣುಕಿ ನೋಡಿ, ಈ ಸಲ ನಗದೆ ಕೇಳಿದ: “ಸಾಹೇಬ್ರ, ಕಾವಲಿಗೆ ಹೋದಾಂವ ತಿಂದು ತಿಂದು ಉಬ್ಬಿ ಅಲ್ಲೇ ಕುಂದರತಾನ ಅಂದ್ರಲಾ, ಆಮ್ಯಾಲೆ ಅವಗ ಏನ್ ಮಾಡ್ತಾರ್ರಿ?”

ಮಿಲಿಂದ ಅಂಗಿಯ ತೋಳು ಕೆಳಗಿಳಿಸಿ, ಗುಂಡಿ ಹಾಕಿಕೊಂಡು, ಹೆಂಡತಿಯನ್ನು ಕೇಳಿದ: “ಅಣ್ಣನ ಡಾಕ್ಟರ್ ಸೋಮವಾರ ಸಿಗ್ತಾರೇನು?”

“ಹೋದ ಸೋಮವಾರನ ನಂಬರ್ ಹಚ್ಚೇನಿ” ಎಂದಳು ಸುಹಾಸಿನಿ.

ಮರುದಿನ ಆ ಡಾಕ್ಟರರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಅವಳೇ ಗಂಡನ ಭಾನುವಾರದ ರಕ್ತದ ವರದಿ ಬಿಚ್ಚಿ ಓದಿದಳು. ನೂರೈವತ್ತರೊಳಗೆ ಇರಬೇಕಾದ ರಕ್ತದ ಕೊಬ್ಬು, ಟ್ರೈಗ್ಲಿಸರೈಡ್, ಒಂದು ಡೆಸಿಲೀಟರಿಗೆ ೬೧೮ ಮಿಲಿಗ್ರಾಂ.