ಡಾಕ್ಟರ ಕೈಗೆ ಹಸಿರು ಬಳೆ

ಹಜರತಬೀಯಿಂದ ಬಳೆ ಇಡಿಸಿಕೊಳ್ಳಲು ಕುಷ್ಟಗಿಯ ಹೆಂಗಸರು ಹೆದರತೊಡಗಿದ್ದರು. ಅವಳ ಬಲಗೈಯ ಕಿರುಬೆರಳು, ಅದರ ಪಕ್ಕದ್ದು, ಎರಡೂ ಜೋಮು ಹಿಡಿದಿದ್ದವು. ಗಿರಾಕಿಯ ಕೈ ಎಲ್ಲಿ ಮಣಿಯುತ್ತದೆಂದು ತಿಳಿಯದೆ ಒತ್ತಿದರೆ ಬಳೆ ಪಟ್ಟನೆ ಒಡೆಯುತ್ತಿತ್ತು. ಮುತ್ತೈದೆಯ ಕೈಮೇಲೆ ಬಳೆ ಒಡೆದರೆ ಯಾರು ಸುಮ್ಮನಿರುತ್ತಾರೆ? ಬೆರಳು ನೆಟ್ಟಗಾಗದಿದ್ದರೆ ಬಳೆಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುವುದೇ ಸೈ.

ಕೊಪ್ಪಳಕ್ಕೆ ನರದ ಡಾಕ್ಟರು ಬಂದಿದ್ದರು. ಹೆಸರು ಓಬಳೆಪ್ಪ, ಅದೇ ಊರಿನವರು. ತಂದೆಗೆ ಲಕ್ವ ಹೊಡೆದಾಗ ಎಲ್ಲರೂ ಗಾಳಿ ಸೋಕಿದೆ ಎಂದಿದ್ದರಂತೆ. ಆ ಗಾಳಿ ಎಲ್ಲಿಂದ ಹೊಕ್ಕಿತು ಎಂಬ ಪ್ರಶ್ನೆಯೊಂದನ್ನೇ ಹಿಡಿದು ಹೈದರಾಬಾದಿಗೆ ಹೋಗಿ ಓದಿ ಬಂದವರು. ಜನಕ್ಕೆ ಮಾತ್ರ ಅವರು ಅಷ್ಟಕ್ಕಷ್ಟೆ. ಸೂಜಿಯಿಲ್ಲ, ಕೆಂಪು ಔಷಧದ ಬಾಟಲಿಯಿಲ್ಲ, ಇದೆಂಥ ಡಾಕ್ಟರಿಕೆ?

"ರಬ್ಬರ ಸುತ್ತಿಗೀಲೆ ಮೊಣಕಾಲಿಗೆ ಬಡದ್ರು," ಹಜರತಬೀಯ ಜೊತೆಗೆ ಕೊಪ್ಪಳಕ್ಕೆ ಬಂದು, ತಾನು ಮೊದಲು ತೋರಿಸಿಕೊಂಡು ಹೊರಬಂದ ನೆರೆಮನೆಯ ಗಾಳೆಮ್ಮ ಹೇಳಿದಳು. "ಕಾಲು ತಾನ ಜಿಗದು ಅವರನ್ನ ಒದೀತು. ಅದಕ್ಕ ಛಲೋ ಐತಿ ಅಂತಾರ."

ಒದಿಸಿಕೊಂಡು ಛಲೋ ಎನ್ನುವವರನ್ನು ನೋಡಲೇಬೇಕೆಂದು ಹಜರತಬೀ ಒಳಗೆ ಹೋದಳು. ಡಾಕ್ಟರು ಹತ್ತಿ ಸವರಿದರು, ಗುಂಡುಸೂಜಿ ಚುಚ್ಚಿದರು. ಆಮೇಲೆ, "ಕೆಲಸ ಹೆಂಗ ಮಾಡ್ತಿ? ಒಬ್ಬರಿಗೆ ಬಳಿ ಇಡಿಸಿ ತೋರಸು," ಎಂದರು.

ಹಜರತಬೀ ಹಿಂದೆಯೇ ಬಂದಿದ್ದ ಗಾಳೆಮ್ಮನ ಕಡೆ ನೋಡಿದಳು. ಗಾಳೆಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿದಳು. ಅದು ಹಜರತಬೀಯ ಮನಸ್ಸಿಗೆ ನಾಟಿತು.

"ನನಗ ಇಡಸು," ಎಂದು ಡಾಕ್ಟರು ತಮ್ಮ ಕೈಯನ್ನೇ ಚಾಚಿದರು. ಬಾಗಿಲಲ್ಲಿದ್ದವರೆಲ್ಲ ನಕ್ಕರು. ಅವಳು ಎಂದಿನಂತೆ, ಜೊತೆಗೆ ತಂದಿದ್ದ ತಗಡಿನ ಬಳೆಪೆಟ್ಟಿಗೆಯ ಅಂಚಿಗೆ ಮೊಣಕೈ ಊರಿ, ಸಾಬೂನು ಹಚ್ಚಿ, ಹಸಿರು ಬಳೆಯೊಂದನ್ನು ಹೇಗೋ ಏರಿಸಿದಳು. ಡಾಕ್ಟರ ಕಣ್ಣು ಬಳೆಯ ಮೇಲಿರಲಿಲ್ಲ. ಅವಳ ಮೊಣಕೈಯ ಒಳಬದಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಕಿರುಬೆರಳಿನ ತನಕ ಇರುವೆ ಹರಿದಂತಾಯಿತು.

"ಇಲ್ಲೊಂದು ನರ ಐತಿ. ಇಷ್ಟು ವರ್ಷ ಅದನ್ನ ಪೆಟ್ಟಿಗಿ ಅಂಚಿಗೆ ಅರದೀದಿ. ಇನ್ನ ಮೊಣಕೈ ಊರಬ್ಯಾಡ. ನಿನಗ ಅದ ಔಷಧಿ."

ಬಳೆ ಹಿಂದಕ್ಕೆ ಬರಲೊಲ್ಲದು. ಮತ್ತೊಂದು ಒಡೆಯುವುದೆಂದು ಹಜರತಬೀಯ ಕಣ್ಣು ತುಂಬಿತು.

"ಇರಲಿ ಬಿಡು," ಎಂದರು ಡಾಕ್ಟರು. "ಬೆರಳಿಗೆ ಅರಿವು ಬಂದ ದಿನ ನೀನ ಬಂದು ತೆಗಿ."

ನಮ್ಮ ಜನರ ಬಾಯಿಗೆ ಅಷ್ಟು ಸಾಕಲ್ಲ. ಡಾಕ್ಟರು ಬಳೆ ತೊಟ್ಟು ಕೂತಿದ್ದಾರೆಂಬ ನಗೆ ಕೊಪ್ಪಳದಿಂದ ಯಲಬುರ್ಗಾಕ್ಕೂ ಗಂಗಾವತಿಗೂ ಹಬ್ಬಿತು. ಕೇಳಿದಾಗಲೆಲ್ಲ ಹಜರತಬೀಗೆ ನಾಚಿಕೆಯಿಂದ ಜೀವ ಹಿಡಿಯಾಗುತ್ತಿತ್ತು. ಗಿರಾಕಿಗಳಿಲ್ಲದ ಮನೆಯಲ್ಲಿ ಮೊಣಕೈಯನ್ನು ಮಗುವಿನಂತೆ ಜೋಪಾನ ಮಾಡಿದಳು. ತಿಂಗಳುಗಳಾದ ಮೇಲೆ ಒಂದು ಮುಂಜಾನೆ ಅಕ್ಕಿ ತೊಳೆಯುವಾಗ ಕಿರುಬೆರಳಿಗೆ ಹರಳೊಂದು ತಾಗಿತು.

ಗಾಳೆಮ್ಮನನ್ನು ಕರೆದುಕೊಂಡೇ ಕೊಪ್ಪಳಕ್ಕೆ ಹೋದಳು. ಬಳೆ ಇನ್ನೂ ಡಾಕ್ಟರ ಕೈಯಲ್ಲಿತ್ತು. ಸಾಬೂನು ಹಚ್ಚಿ, ಎಲ್ಲಿಗೂ ಮೊಣಕೈ ತಾಗಿಸದೆ, ಕಣ್ಣು ಮುಚ್ಚಿ ಮೂಳೆಯ ದಾರಿ ಹುಡುಕಿದಳು. ಕಿರುಬೆರಳು ಹೇಳಿತು, ಅವಳು ಕೇಳಿದಳು. ಬಳೆ ಇಡಿಯಾಗಿ ಹೊರಬಂತು.

ಯಾರೂ ನಗಲಿಲ್ಲ. ಗಾಳೆಮ್ಮ ಸೆರಗಿನಿಂದ ಕೈ ತೆಗೆದು ಹಜರತಬೀಯ ಮುಂದೆ ಚಾಚಿದಳು.